ಬೇರೆ ಥಾನಿನ ರಿಬ್ಬನ್

ಗುಡ್ಡದ ಮೇಲೆ ಓಡುವುದಂತೆ! ರಸ್ತೆಯಲ್ಲಲ್ಲ, ಮೈದಾನದಲ್ಲೂ ಅಲ್ಲ. ಕಲ್ಲು, ಬೇರು, ಕೆಸರು ತುಂಬಿದ ಕಾಲುಹಾದಿಯಲ್ಲಿ, ಅದೂ ಹಿಂದಿನಿಂದ ಯಾರೂ ಅಟ್ಟಿಸಿಕೊಂಡು ಬರದೆ ಇರುವಾಗ. ತಂಗಿ ಮೊದಲ ಸಲ ಈ ಮಾತೆತ್ತಿದ ದಿನ ಟೈಲರಕ್ಕ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ನುಂಗುವುದೊಂದು ಬಾಕಿ.

"ನಂಗೇನು ತಲೆ ಕೆಟ್ಟಿದ್ಯಾ? ಈ ವಯಸ್ಸಲ್ಲಿ ಹಲ್ಲು ಮುರ್ಕೊಂಡು ಬರ್ಲಾ?"

"ಮೆಷಿನ್ ಮುಂದೆ ಕೂತೂ ಕೂತೂ ನಿನ್ನ ಸೊಂಟ ಆ ಸ್ಟೂಲಿಗೇ ಅಂಟ್ಕೊಂಡಿದೆ ಅಕ್ಕಾ. ಬಾಯ್ಮುಚ್ಕೊಂಡು ಬಾ." ತಂಗಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಜನರ ಕೈಕಾಲು ಎಳೆದು ಮಡಚಿ ಸರಿಮಾಡುವುದೇ ಕೆಲಸವಾದ್ದರಿಂದ 'ಆಗಲ್ಲ' ಎನ್ನುವ ಮಾತು ಅವಳ ಕಿವಿಗೆ ಬೀಳುವುದೇ ಇಲ್ಲ.

ಟೈಲರಕ್ಕ ಒಪ್ಪಿದ್ದು ಸೊಂಟದ ಆಸೆಗಲ್ಲ, ಮನೆಯ ಕಿರಿಕಿರಿಯಿಂದ ಸ್ವಲ್ಪ ಹೊತ್ತಾದರೂ ತಪ್ಪಿಸಿಕೊಳ್ಳಲು. ಅವಳ ಗಂಡ ಸರ್ವೇಯರು. ಇತ್ತೀಚೆಗೆ ಬೆಳಗಾದರೆ ಒಂದೇ ರಾಗ: ಮನೆ ಮಾರೋಣ, ಆಫೀಸಿನ ಹತ್ತಿರ ಬಾಡಿಗೆಗೆ ಹೋಗೋಣ, ಗೋಡೆಗೆ ಥಂಡಿ ಹಿಡಿದಿದೆ. ಥಂಡಿಯಂತೆ! ಗುಡ್ಡದ ಬುಡದ ಆ ಮನೆಯ ಬೀದಿ ಕಡೆಯ ಕೋಣೆಯನ್ನು ಅವಳು ಪರದೆ ಹೊಲಿದು, ಫ್ರಾಕು ಹೊಲಿದು, ಕಣ್ಣು ಮಂಜಾಗುವವರೆಗೆ ಹೊಲಿದು ಕಟ್ಟಿಸಿದ್ದಳು. ಬಟ್ಟೆ ಕತ್ತರಿಸುವ ಮೇಜು ಎಷ್ಟು ದೊಡ್ಡದೆಂದರೆ ಬಾಗಿಲ ಚೌಕಟ್ಟು ಕೂರಿಸುವ ಮೊದಲೇ ಅದನ್ನು ಒಳಗಿಟ್ಟಿದ್ದರು. ಈಗ ಹೊರಗೆ ತರಬೇಕೆಂದರೆ ಗೋಡೆ ಒಡೆಯಬೇಕು. ಅಂಥ ಕೋಣೆಯನ್ನು ಬಿಟ್ಟು ಹೋಗು ಎಂದರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಆದರೂ ಗಂಡ ಹಿಡಿದ ಪಟ್ಟು ಬಿಡಲಿಲ್ಲ. ಕೇಳಿ ಕೇಳಿ ಸಾಕಾಗಿ ಅವಳು ಒಂದು ದಿನ, "ಏನಾದ್ರೂ ಮಾಡ್ಕೊಳ್ಳಿ," ಎಂದುಬಿಟ್ಟಳು. ಅವನು ಅದನ್ನೇ ಒಪ್ಪಿಗೆ ಎಂದು ಹಿಡಿದ. ಅದೇ ಕೋಣೆಗೆ ವೈರಿಂಗ್ ಮಾಡಿಕೊಟ್ಟಿದ್ದ ಎಲೆಕ್ಟ್ರಿಷಿಯನ್ ಹುಡುಗ ಕೊಳ್ಳಲು ತಯಾರಾದ. ಬಸುರಿ ಹೆಂಡತಿಯನ್ನು ಕರೆದುಕೊಂಡು ಭಾನುವಾರ ಬೆಳಗ್ಗೆ ಬರುತ್ತಾನೆ, ಅವಳಿಗೂ ಹಿಡಿಸಿದರೆ ಅಂದೇ ಮಾತು ಪಕ್ಕಾ ಎಂದು ತೀರ್ಮಾನವಾಯಿತು.

ಈ ಸಂಕಟ ಬೆಳೆಯುತ್ತಿದ್ದ ವಾರಗಳಲ್ಲೇ ಓಟವೂ ಸಾಗಿತ್ತು. ಮೊದಲ ದಿನ ಟೈಲರಕ್ಕನ ಎದೆ ಡಬಡಬ ಬಡಿದುಕೊಂಡ ರೀತಿಗೆ ಅವಳೇ ಹೌಹಾರಿದಳು. ಎರಡು ತಿರುವು ದಾಟುವಷ್ಟರಲ್ಲಿ ಸಡಿಲು ಕಲ್ಲಿನ ಮೇಲೆ ಕಾಲಿಟ್ಟು ಕುಂಡೆ ಊರಿ ಕೂತಳು.

"ಏರಿನಲ್ಲಿ ನಡಿ ಅಕ್ಕಾ, ಯಾರೂ ಬೈಯಲ್ಲ," ತಂಗಿ ಎಬ್ಬಿಸುತ್ತಾ ಹೇಳಿದಳು. "ಮಟ್ಟಸ ಇದ್ದಲ್ಲಿ ಮಾತ್ರ ಓಡು. ಇಳಿಯೋವಾಗ ಸಣ್ಣ ಸಣ್ಣ ಹೆಜ್ಜೆ. ಕಾಲು ನೋಡ್ಬೇಡ, ಮುಂದಿನ ದಾರಿ ನೋಡು. ಮಾತಾಡೋಕಾಗದಷ್ಟು ಏದುಸಿರು ಬಂತು ಅಂದ್ರೆ ಜೋರಾಯ್ತು ಅಂತ ಅರ್ಥ."

"ನಂಗೆ ಮಾತಾಡೋಕಾಗ್ಲಿಲ್ಲ ಅಂದ್ರೆ ನಾನು ಸತ್ತೆ ಅಂತ ಅರ್ಥ!"

ಆದರೆ ಸಾಯಲಿಲ್ಲ. ಅದೇ ಆಶ್ಚರ್ಯ. ಕೆಲವು ವಾರ ಕಳೆಯುವುದರಲ್ಲಿ ಕಾಲಿಗೆ ಬೇರು ಯಾವುದು, ಜಾರುವ ಎಲೆ ಯಾವುದು ಎಂದು ತಾನಾಗಿ ತಿಳಿಯತೊಡಗಿತು. ಓಡುವಷ್ಟು ಹೊತ್ತು ಮನೆಯ ಚಿಂತೆ ಹತ್ತಿರ ಸುಳಿಯುತ್ತಿರಲಿಲ್ಲ.

ಆ ಭಾನುವಾರವೂ ಅದಕ್ಕೇ ಹೋದಳು. ಬೆಳಕು ಹರಿದಿತ್ತು, ಮನೆ ನೋಡುವವರು ಬರಲು ಇನ್ನೂ ಹೊತ್ತಿತ್ತು. "ಹೊಸಬರಿಗೆ ಅಂತ ನಮ್ಮ ಗುಂಪಿನವರು ಗಿಡಗಳಿಗೆ ಕಿತ್ತಳೆ ರಿಬ್ಬನ್ ಕಟ್ಟಿದ್ದಾರೆ," ಎಂದಳು ತಂಗಿ. "ಅದನ್ನೇ ನೋಡ್ಕೊಂಡು ಬಾ. ಇವತ್ತು ಒಬ್ಬಳೇ. ನಾನು ಮುಂದೆ ಹೋಗಿ ನೀರಿನ ಟ್ಯಾಂಕಿನ ಹತ್ರ ಕಾಯ್ತೀನಿ."

ರಿಬ್ಬನ್ನಿಂದ ರಿಬ್ಬನ್ನಿಗೆ ಚೆನ್ನಾಗಿಯೇ ಸಾಗಿತು. ಗುಡ್ಡದ ನೆತ್ತಿ ದಾಟಿದ ಮೇಲೆ ಎಡಕ್ಕೆ ಒಂದು ರಿಬ್ಬನ್ ಕಂಡಿತು. ಟೈಲರಕ್ಕ ನಿಂತಳು. ಬೇರೆ ಯಾರಾದರೂ ಆಗಿದ್ದರೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ, ಅವಳಿಗೆ ಗೊತ್ತಾಯಿತು. ಇದು ಶುದ್ಧ ಕಿತ್ತಳೆಯಲ್ಲ, ಚೂರು ಗುಲಾಬಿ ಬೆರೆತದ್ದು. ಬೇರೆ ಥಾನಿನದು, ಬೇರೆ ಸುರುಳಿಯಿಂದ ಕತ್ತರಿಸಿದ್ದು. ಗೊತ್ತಾಗಿದ್ದೇ ಎಡವಟ್ಟಾಯಿತು ನೋಡಿ. ಬಟ್ಟೆ ಸಾಲದೆ ಬಂದಾಗ ಒಳಮಡಿಕೆಗೆ ಹತ್ತಿರದ ಬಣ್ಣ ಸೇರಿಸಿ ಗಿರಾಕಿಯ ಕಣ್ಣು ತಪ್ಪಿಸುವುದು ಅವಳ ದಿನನಿತ್ಯದ ಕೆಲಸ. "ಪಾಪ, ರಿಬ್ಬನ್ ಸಾಲ್ಲಿಲ್ಲ ಅನ್ಸುತ್ತೆ," ಎಂದುಕೊಂಡು ಎಡಕ್ಕೇ ತಿರುಗಿದಳು. ಬಲಕ್ಕೆ ಕಣ್ಣು ಹಾಯಿಸಲೂ ಇಲ್ಲ.

ಅಲ್ಲಿ ದಾರಿ ಇರಲಿಲ್ಲ, ಪೊದೆ ಸವರಿದ ಗುರುತಷ್ಟೇ ಇತ್ತು. ರಿಬ್ಬನ್ನುಗಳು ಸ್ಕೇಲಿಟ್ಟು ಎಳೆದ ಗೆರೆಯಂತೆ ನೇರ ಇಳಿದಿದ್ದವು. ನಡುನಡುವೆ ನೆಲಕ್ಕೆ ಹೊಡೆದ ಮರದ ಗೂಟಗಳಿಗೂ ಕಟ್ಟಿದ್ದರು. ಓಟಗಾರರು ಭಲೇ ಅಚ್ಚುಕಟ್ಟು ಎಂದು ಮೆಚ್ಚಿಕೊಳ್ಳುತ್ತಲೇ ಸಣ್ಣ ಸಣ್ಣ ಹೆಜ್ಜೆ ಹಾಕಿ ಇಳಿದಳು. ಬೀಳಲಿಲ್ಲ. ಕೆಳಗೆ ಮನೆಗಳ ಹಿಂಬದಿ ಕಂಡಿತು. ಅರೆ, ಅದು ನಮ್ಮನೆ ಹಿತ್ತಲ ಗೋಡೆ ಅಲ್ವಾ!

ಗೋಡೆಯ ಹೊರಮೈಗೆ ಕೆಂಪು ಬಣ್ಣದಲ್ಲಿ ದೊಡ್ಡ ಬಾಣ. ಅದರ ಮುಂದೆ ಒಂದು ಗೂಟ, ಗೂಟಕ್ಕೆ ರಿಬ್ಬನ್. ಟೈಲರಕ್ಕನ ಖುಷಿಗೆ ಪಾರವೇ ಇಲ್ಲ. ಈ ಕಳ್ಳಿ ತಂಗಿ ಟ್ಯಾಂಕು ಅಂತ ಸುಳ್ಳು ಹೇಳಿ ಓಟದ ಕೊನೆಯನ್ನು ನಮ್ಮನೆ ಬಾಗಿಲಿಗೇ ತಂದಿಟ್ಟಿದ್ದಾಳೆ, ನನಗೇ ಅಂತ ಮಾಡಿದ್ದಾಳೆ ಎಂದು ಎರಡೂ ಕೈ ಮೇಲೆತ್ತಿ, "ಗೆದ್ದೆ!" ಎಂದು ಕೂಗುತ್ತಾ ಓಡಿ ಹೋಗಿ ಗೂಟ ಮುಟ್ಟಿದಳು.

ಮುಟ್ಟಿದ ಕೈ ಅಲ್ಲೇ ನಿಂತಿತು.

ಆ ಗಂಟು ಅವಳಿಗೆ ಗೊತ್ತು. ಒಂದರ ಮೇಲೊಂದು ಬಿಗಿದು ತುದಿಯನ್ನು ಒಳಗೆ ತೂರಿಸಿದ ಗಂಟು. ಬ್ರೆಡ್ಡಿನ ಪ್ಯಾಕೆಟ್ಟಿಗೂ ಕಸದ ಚೀಲಕ್ಕೂ ಗಂಡ ಅದನ್ನೇ ಹಾಕುತ್ತಾನೆ. ಮದುವೆಯಾದಾಗಿನಿಂದ ಬಿಚ್ಚಲಾಗದೆ ಬೈದುಕೊಂಡು ಕತ್ತರಿ ಹಾಕುತ್ತಲೇ ಬಂದಿದ್ದಾಳೆ. ತಿರುಗಿ ಗುಡ್ಡ ನೋಡಿದಳು: ನೇರ ಗೆರೆ. ಬಾಣ ತೋರಿಸುವ ಕಡೆ ನೋಡಿದಳು: ಹಿತ್ತಲು, ಅಡುಗೆಮನೆ, ನಡುಮನೆ, ಹೊಲಿಗೆ ಕೋಣೆ, ಬೀದಿ. ಗೆರೆ ಮನೆಯ ನಡುವೆಯೇ ಹಾದಿತ್ತು.

ಕೂಗು ಕೇಳಿ ಗಂಡ ಹಿತ್ತಲ ಗೇಟು ತೆರೆದು ಬಂದ. ಅವಳನ್ನು, ಗೂಟದ ಮೇಲಿನ ಅವಳ ಕೈಯನ್ನು ನೋಡಿದ. ಹರಳೆಣ್ಣೆ ಕುಡಿದವನ ಹಾಗಾಯಿತು ಮುಖ.

"ನೀನು... ಎಲ್ಲಿಂದ ಬಂದೆ?"

"ನೀವು ಕಟ್ಟಿದ ಕಡೆಯಿಂದ. ಏನ್ರೀ ಇದು?"

"ಈ ಕಡೆ ದಾರಿಯೇ ಇಲ್ವಲ್ಲೇ! ಟ್ಯಾಂಕಿನ ಕಡೆ ತಾನೇ ನೀವು ಹೋಗೋದು?"

"ಏನ್ರೀ ಇದು ಅಂದೆ!"

ಅವನು ಗೋಡೆಗೆ ಒರಗಿದ. "ಬೈಪಾಸ್ ರಸ್ತೆ. ಈ ಸಾಲಿನ ಮನೆಗಳೆಲ್ಲಾ ಹೋಗುತ್ತೆ. ನೋಟೀಸ್ ಬರೋಕೆ ಇನ್ನೂ ಟೈಮಿದೆ. ಯಾರಿಗೂ ಗೊತ್ತಿಲ್ಲ."

"ನಿಮಗೆ ಗೊತ್ತಿತ್ತು."

"ನನಗೆ ಗೊತ್ತಿತ್ತು."

ದೇವರೇ, ಥಂಡಿಯಲ್ಲ. ಆಫೀಸಿನ ದೂರವೂ ಅಲ್ಲ. ಇಷ್ಟು ದಿನ ಎದುರಿಗೇ ಕೂತು ಉಂಡ ಮನುಷ್ಯ! ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು, ಅದು ಮೊದಲಿನದಕ್ಕಿಂತ ಜೋರಾಗಿ ಬಡಿಯಿತು.

"ಹಾಗಾದ್ರೆ ಆ ಹುಡುಗನಿಗೆ ನಾವು ಮಾರ್ತಿರೋದೇನು?"

"ಪರಿಹಾರ ಪರಿಹಾರ ಅಂತ ಅಲೆದು ಚಪ್ಪಲಿ ಸವೆಸಿದವರನ್ನ ದಿನಾ ನೋಡ್ತೀನಿ ಕಣೇ. ನಿನ್ನನ್ನ ಆಫೀಸಿನ ಆ ಬೆಂಚ್ ಮೇಲೆ ಕೂರಿಸೋಕೆ ನನ್ನಿಂದಾಗಲ್ಲ."

"ಆ ಬಸುರಿ ಹುಡುಗೀನ ಕೂರಿಸ್ಬಹುದಾ?"

ಅಷ್ಟರಲ್ಲಿ ಮುಂಬಾಗಿಲ ಗಂಟೆ ಬಡಿಯಿತು. "ಇದೊಂದು ಗಂಟೆ ಬಾಯಿ ಮುಚ್ಕೊಂಡಿರು," ಎಂದು ಅವನು ಕೈ ಮುಗಿಯುವುದೊಂದು ಬಾಕಿ. ನಿಜ ಹೇಳಬೇಕೆಂದರೆ ಟೈಲರಕ್ಕನಿಗೂ ಆ ಕ್ಷಣ ಆಸೆ ಹುಟ್ಟಿತು. ಸುಮ್ಮನಿದ್ದರಾಯಿತು. ಸಹಿ ಹಾಕಿ ಮೆಷಿನ್ ಎತ್ತಿಕೊಂಡು ಹೋದರಾಯಿತು. ಇಂಥದ್ದು ತನ್ನ ತಲೆಗೂ ಬಂತಲ್ಲ ಎಂದು ಅವಳಿಗೆ ಗಂಡನನ್ನು ಕಂಡಷ್ಟೇ ತನ್ನನ್ನು ಕಂಡೂ ಗಾಬರಿಯಾಯಿತು.

ಕೆಸರು ಬೂಟಿನಲ್ಲೇ ಹೋಗಿ ಬಾಗಿಲು ತೆರೆದಳು. ಎಲೆಕ್ಟ್ರಿಷಿಯನ್ ಹುಡುಗ ಹಲ್ಲು ಬಿಟ್ಟು ನಿಂತಿದ್ದ. ಅವನ ಹೆಂಡತಿ ಸೀದಾ ಹೊಲಿಗೆ ಕೋಣೆಗೆ ಬಂದು, ಕಿಟಕಿಯ ಬಳಿ ನಿಂತು, ಎರಡೂ ಕೈ ಚಾಚಿ ಅಳತೆ ನೋಡಿದಳು.

"ತೊಟ್ಟಿಲು ಇಲ್ಲಿಡ್ಬಹುದು ಅಲ್ವಾ ಅಕ್ಕಾ? ಬೆಳಕು ಎಷ್ಟು ಚೆನ್ನಾಗಿದೆ! ಮೇಜು ಬಿಟ್ಟು ಹೋಗ್ತೀರಂತೆ, ನಾವು ಜೋಪಾನ ಮಾಡ್ತೀವಿ."

ಗಂಡ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಹಿತ್ತಲು ನೋಡ್ಲಿಲ್ವಲ್ಲ, ಬನ್ನಿ," ಎಂದಳು ಟೈಲರಕ್ಕ. ಆ ಹುಡುಗಿಯ ಕೈ ಹಿಡಿದು ಮೆಲ್ಲಗೆ ಮೆಟ್ಟಿಲಿಳಿಸಿ, ಗೇಟು ದಾಟಿಸಿ, ಗೋಡೆಯ ಹೊರಗೆ ನಿಲ್ಲಿಸಿದಳು. ಎಲೆಕ್ಟ್ರಿಷಿಯನ್ ಬಾಣ ನೋಡಿದ, ಗುಡ್ಡದವರೆಗೂ ಕಣ್ಣು ಹಾಯಿಸಿದ. ನಗು ಮಾಯವಾಯಿತು.

"ಅಕ್ಕಾ, ಇದೇನು ರಿಬ್ಬನ್ನು?"

"ಕಟ್ಟಿದವರು ಅಲ್ಲಿದ್ದಾರೆ ತಮ್ಮಾ, ಕೇಳು."

ಗಂಡ ಗೇಟಿನ ಬಳಿ ಬಂದು ನಿಂತಿದ್ದ, ತಟ್ಟೆ ಇನ್ನೂ ಕೈಯಲ್ಲಿತ್ತು. ಅವನು ಹೆಂಡತಿಯನ್ನು ನೋಡಿದ. ಅವಳು ಕಣ್ಣು ಕೀಳಲಿಲ್ಲ. ಅವನು ತಟ್ಟೆಯನ್ನು ನೆಲದ ಮೇಲಿಟ್ಟ.

"ರಸ್ತೆ ಬರುತ್ತಪ್ಪಾ ಇಲ್ಲಿ. ನಾನೇ ಅಳೆದದ್ದು. ಈ ಮನೆ ತಗೋಬೇಡ."

ಆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಸರಿದಳು. ಗಂಡನ ಬಾಯಿಂದ ಆ ಮಾತು ಬಂದ ಮೇಲೆಯೇ, ಹೋಗುವುದು ತನ್ನ ಮನೆ ಎಂದು ಟೈಲರಕ್ಕನಿಗೆ ಅರ್ಥವಾಯಿತು. ಗೋಡೆ ಹಿಡಿದುಕೊಂಡು ಅಲ್ಲೇ ಕೆಸರಿನಲ್ಲಿ ಕೂತು, ಬಾಯಿಗೆ ಕೈ ಅಡ್ಡ ಇಟ್ಟು ಅತ್ತಳು.