ಮೊದಲು ಆ ಮನೆಗೆ

ಬೀಜಾಡಿಯ ಕಡಲ ತಡಿಯಲ್ಲಿ ದಿನಕರನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಬರಬೇಕಿತ್ತು. ಮೂವತ್ತು ವರ್ಷ ನಾಡದೋಣಿಯ ತಾಂಡೇಲನಾಗಿದ್ದ ಮನುಷ್ಯ. ತಾಂಡೇಲ ಅಂದರೆ ದೋಣಿಯ ಯಜಮಾನಿಕೆ ಮಾಡುವವನು. ಅವನು 'ಇಳಿಸಿ' ಅಂದರೆ ದೋಣಿ ನೀರಿಗೆ ಇಳಿಯಬೇಕು, 'ಬೇಡ' ಅಂದರೆ ಮನೆಯಲ್ಲಿ ಗಂಜಿಗೆ ಅಕ್ಕಿ ಇಲ್ಲದಿದ್ದರೂ ಹನ್ನೆರಡು ಜನ ದಡದಲ್ಲೇ ಕೂತು ಬೀಡಿ ಸೇದಬೇಕು. ಮಂಡಿನೋವು ಬಂದು ದೋಣಿ ಬಿಟ್ಟ ಮೇಲೆ ಆ ಅಧಿಕಾರವೆಲ್ಲ ಅವನ ನಾಲಿಗೆಗೆ ಬಂದು ಸೇರಿಕೊಂಡಿತ್ತು. ಯಾರು ಬಲೆ ಹೊತ್ತು ಹೊರಟರೂ ಇವನದೊಂದು ಮಾತು ಇರಲೇಬೇಕು.

ಮಗಳು ಸಿಂಚನಾ ಬಿ.ಎಸ್ಸಿ. ಮುಗಿಸಿ, ಬಿ.ಎಡ್.ಗೆ ಸೇರುವ ಮೊದಲು ಒಂದು ವರ್ಷ ಗ್ಯಾಪ್ ತೆಗೆದುಕೊಂಡು ಉಗಾಂಡಾದ ಮಕ್ಕಳಿಗೆ ಪಾಠ ಹೇಳಲು ಹೋಗುತ್ತೇನೆ ಅಂದಾಗ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಅಲ್ಲಿ ಊಟ, ಇರಲು ಒಂದು ಕೋಣೆ, ಅಷ್ಟೇ. ಟಿಕೆಟು ಯಾವುದೋ ಸಂಸ್ಥೆಯದ್ದು. "ಸಂಬ್ಳ ಇಲ್ದಿದ್ ಕೆಲ್ಸಕ್ಕೆ ವಿಮಾನದಂಗೆ ಹೋಪುದಾ? ನಮ್ಮೂರ್ ಶಾಲಿಗೆ ನಡ್ಕಂಡೇ ಹೋಪುಕ್ ಆತಿಲ್ಯಾ?" ಅಂತ ಕೇಳದವರಿಲ್ಲ. ದಿನಕರನೂ ಎರಡು ದಿನ ಕೂಗಾಡಿದ. ಮೂರನೆಯ ದಿನ ಅವಳು ಹೋಗುವ ಶಾಲೆ ದೊಡ್ಡ ಸರೋವರದ ನಡುಗಡ್ಡೆಯಲ್ಲಿದೆ, ಅಲ್ಲಿಯವರೂ ಮೀನು ಹಿಡಿಯುವವರು ಅಂತ ಗೊತ್ತಾದದ್ದೇ ತಡ, ಪಕ್ಷ ಬದಲಾಯಿಸಿದ. ತಾಂಡೇಲನ ಮಗಳು ನೀರಿರುವಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು ಅಂತ ಅವನೇ ಊರಿಗೆಲ್ಲ ಹೇಳಿಕೊಂಡು ಬಂದ.

ಅವಳು ಹೋಗಿ ಎಂಟು ತಿಂಗಳಾಗಿತ್ತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ದಿನಕರ ತೆಂಗಿನ ಬುಡದಲ್ಲಿ ಬಲೆ ಸರಿಮಾಡುತ್ತಿದ್ದಾಗ ವೀಡಿಯೊ ಕರೆ ಬಂತು. ಏಳು ಮಕ್ಕಳನ್ನು ಆಚೆ ದಡದ ಶಾಲೆಗೆ ಹಾಡಿನ ಸ್ಪರ್ಧೆಗೆ ಕರೆದುಕೊಂಡು ಹೋಗಬೇಕು, ದೋಣಿಯವನು ದೂರದ ಒಂದು ಮೋಡ ತೋರಿಸಿ ತಲೆ ಅಲ್ಲಾಡಿಸುತ್ತಿದ್ದಾನೆ ಅಂದಳು ಮಗಳು. "ಅಪ್ಪಯ್ಯ, ನೀರ್ ಕಾಣಿ. ಹೋಪುಕ್ ಅಕ್ಕಾ?" ಅಂತ ಫೋನು ತಿರುಗಿಸಿದಳು. ದಿನಕರ ನೋಡಿದ. ತೆರೆಯಿಲ್ಲ, ನೊರೆಯಿಲ್ಲ, ತಟ್ಟೆಯಲ್ಲಿ ಎರೆದ ಎಣ್ಣೆಯ ಹಾಗೆ ಸುಮ್ಮನೆ ಬಿದ್ದ ನೀರು. ಅವನಿಗೆ ನಗು ಬಂತು.

"ಹ್ವಾಯ್, ಅದೊಂದ್ ಕೆರಿ ಮಾರಾಯ್ತಿ! ತೆರೆಯೇ ಇಲ್ಲೆ. ಗಾಳಿ ಬಪ್ಪುದಾರೆ ನೀರ್ ಮೊದ್ಲೇ ಹೇಳತ್ತ್. ಇಳ್ಸುಕ್ ಹೇಳ್ ಅವ್ನಿಗೆ, ತಾಂಡೇಲ ಹೇಳಿದ್ ಅಂದೇಳಿ ಹೇಳ್."

ಕಡಲು ಹೇಳದೆ ಹೊಡೆಯುವುದಿಲ್ಲ ಎಂಬುದು ಅವನ ವೇದವಾಕ್ಯ. ಗಾಳಿ ಎಲ್ಲೋ ದೂರದಲ್ಲಿ ಎದ್ದರೂ ಅದಕ್ಕಿಂತ ಮುಂಚೆ ತೆರೆ ಬಂದು ದಡಕ್ಕೆ ಸುದ್ದಿ ಮುಟ್ಟಿಸುತ್ತದೆ. ಮೂವತ್ತು ವರ್ಷ ಆ ಸುದ್ದಿ ಓದಿಯೇ ಅವನು ಬದುಕಿದ್ದು. ಅಂದು ಮಧ್ಯಾಹ್ನವೇ ಕೋಟೇಶ್ವರದ ಬಸ್ ನಿಲ್ದಾಣದ ಹೋಟೆಲಿನಲ್ಲಿ ಗೋಳಿಬಜೆ ಮುರಿಯುತ್ತ, ಬೀಜಾಡಿಯಲ್ಲಿ ಕೂತು ಆಫ್ರಿಕಾದ ದೋಣಿ ಇಳಿಸಿದ ಕಥೆಯನ್ನು ಮೂರು ಸಲ ಹೇಳಿದ.

ಮರುದಿನ ಮಗಳ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಐದನೆಯ ದಿನ ಅವಳೇ ಅಂಗಳದಲ್ಲಿ ಚೀಲ ಇಳಿಸಿ ನಿಂತಿದ್ದಳು.

ಪ್ರಾಜೆಕ್ಟು ಬೇಗ ಮುಗಿಯಿತು ಅಂದಳು. ಸರಿ ಅಂದರು. ಬಂಗುಡೆ ಸಾರು ಬಡಿಸಿದರೆ ತಟ್ಟೆ ದೂಡಿದಳು. ಅಲ್ಲಿಯ ಊಟ ಒಗ್ಗಿ ಹೋಗಿರಬೇಕು ಅಂದರು. ಬಾವಿಯಿಂದ ಕೊಡ ಎಳೆಯುವಾಗ ನೀರಿನ ಸದ್ದಿಗೆ ಬೆಚ್ಚಿ ಹಗ್ಗ ಬಿಟ್ಟುಬಿಟ್ಟಳು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಕಡಲಿನ ಬಣ್ಣ ಕಂಡು ನಾಳೆಯ ಗಾಳಿ ಹೇಳುವ ದಿನಕರನಿಗೆ ಮಗಳ ಮುಖದ ಬಣ್ಣ ಮಾತ್ರ ಕಾಣಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಮೆರವಣಿಗೆ ಹೊರಟಿತ್ತು. ಭಜನಾ ಮಂದಿರದ ಅಧ್ಯಕ್ಷ ಅಶೋಕ್ ಮೂರು ವಾರ ಬಿಟ್ಟು ಭಾನುವಾರ ಸಿಂಚನಾಳಿಗೆ ಸನ್ಮಾನ ಇಟ್ಟುಕೊಂಡಿದ್ದ. ಶಾಲು, ಹಾರ, ಫಲದ ಹರಿವಾಣ, ಎಲ್ಲ ಆಗಬೇಕು. ಮೈಕಿನವನಿಗೂ ಹೇಳಿ ಆಗಿತ್ತು.

ಸನ್ಮಾನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಸಿಂಚನಾ, "ಅಪ್ಪಯ್ಯ, ನಂಗೆ ಸನ್ಮಾನ ಬ್ಯಾಡ" ಅಂದಳು.

"ಎಂತಕೆ? ನಾಚ್ಕಿಯಾ?"

"ಒಂದ್ ಹೆಣ್ಣ್ ಮಗು ಸತ್ತ್ ಹೋಯ್ತ್. ನನ್ ಕ್ಲಾಸಿಂದು. ನಕಾಟೊ ಅಂದೇಳಿ. ಒಂಬತ್ತ್ ವರ್ಷ."

ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ ಅವಳಿಗೆ. ದೋಣಿ ನಡುನೀರಿನಲ್ಲಿದ್ದಾಗ ಗಾಳಿ ಬಂತು. ನೀರಿನಲ್ಲಿ ಮುನ್ಸೂಚನೆಯೇ ಇರಲಿಲ್ಲ, ಯಾರೋ ಬಾಗಿಲು ಒದ್ದು ತೆಗೆದ ಹಾಗೆ ಬಂತು. ದೋಣಿ ಮಗುಚಿತು. ಆರು ಮಕ್ಕಳನ್ನು ಬೇರೆ ದೋಣಿಯವರು ಎತ್ತಿಕೊಂಡರು. ಏಳನೆಯದರ ಕೈ ಇವಳ ಕೈಯಲ್ಲೇ ಇತ್ತು. "ಗಟ್ಟಿ ಹಿಡ್ಕಂಡಿದ್ದೆ ಅಪ್ಪಯ್ಯ, ಜಾರಿ ಹೋಯ್ತ್" ಅಂದವಳು ತನ್ನ ಅಂಗೈಯನ್ನೇ ನೋಡುತ್ತ ಕೂತಳು. ಗೋದಾವರಿ, ಅವಳ ಅಮ್ಮ, ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

ದಿನಕರ ಮೊದಲು ಕೇಳಿದ ಪ್ರಶ್ನೆ ಒಂದೇ. "ಆ ಮಗಿನ್ ಮನಿಗೆ ಹೋಯ್ದ್ಯಾ?"

"ಇಲ್ಲೆ. ಸಂಸ್ಥೆಯವ್ರ್ ಬಿಡ್ಲಿಲ್ಲೆ. ಗಲಾಟಿ ಆತ್ತ್ ಅಂದೇಳಿ ಎರ್ಡೇ ದಿನದಂಗೆ ವಿಮಾನ ಹತ್ಸಿರ್."

"ಬಿಡ್ಲಿಲ್ಯಾ? ಕಾಲ್ ಇರ್ಲಿಲ್ಯಾ ನಿಂಗೆ?" ದಿನಕರ ಎದ್ದೇ ಬಿಟ್ಟ. ಮಂಡಿನೋವು ಎಲ್ಲಿಗೆ ಹೋಯಿತೋ. "ನಾಗ ಸತ್ತಾಗ ನಿಂಗೆ ಹನ್ನೊಂದ್ ವರ್ಷ, ಕಂಡಿದ್ಯಲ್ಲೆ ನೀನು! ನಾನ್ ಮೊದ್ಲ್ ಎಲ್ಲಿಗೆ ಹೋದೆ? ಹೇಳ್, ಎಲ್ಲಿಗೆ ಹೋದೆ?"

ಅದನ್ನು ಬೀಜಾಡಿಯಲ್ಲಿ ಕಾಣದವರಿಲ್ಲ. ಹನ್ನೊಂದು ವರ್ಷದ ಹಿಂದೆ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಆ ಹಾಳು ಬಾಯಲ್ಲಿ, ದಿನಕರ 'ನಡೀರಿ' ಅಂದ ಮೇಲೆ ತೆರೆ ದೋಣಿಯನ್ನು ಎತ್ತಿ ಹಾಕಿತ್ತು. ದೋಣಿಯಲ್ಲಿದ್ದ ನಾಗ ಮೇಲೆ ಬರಲಿಲ್ಲ. ಆ ದಡದ ಕಟ್ಟಳೆ ಅಂದರೆ ಕಟ್ಟಳೆ. ದೋಣಿ ಇಳಿಸೆಂದವನು ತನ್ನ ಮನೆಯ ಮೆಟ್ಟಿಲು ತುಳಿಯುವ ಮೊದಲು, ಒದ್ದೆ ಬಟ್ಟೆಯಲ್ಲೇ, ಸತ್ತವನ ಅಂಗಳಕ್ಕೆ ಹೋಗಿ ನಿಂತು 'ಇಳಿಸೆಂದವ ನಾನು' ಅನ್ನಬೇಕು. ದಿನಕರ ಹೋದ, ಅಂದ. ನಾಗನ ಹೆಂಡತಿ ಉಮಾವತಿ ಹಿಡಿಸೂಡಿ ತೆಗೆದುಕೊಂಡು, ಅದರ ಕಡ್ಡಿಗಳು ಮುರಿದು ಅಂಗಳದ ತುಂಬ ಚೆಲ್ಲುವವರೆಗೆ ಹೊಡೆದಳು. ದಿನಕರ ಕೈ ಅಡ್ಡ ಹಿಡಿಯಲಿಲ್ಲ.

"ತಪ್ಪಾದ್ರೆ ಆಯ್ತ್, ನೀರ್ ಯಾರ್ ಮಾತೂ ಕೇಂತಿಲ್ಲೆ. ಮೋರೆ ತಪ್ಸಿ ಓಡಿ ಬಪ್ಪುದಾ? ನನ್ ಮಗಳಾಯಿ! ಥೂ!" ಅಂದ ದಿನಕರ. "ಇಳ್ಸಿ ಅಂದವ್ರ್ ಮೊದ್ಲ್ ಆ ಮನಿಗೆ ಹೋಯ್ಕ್. ನೀ ನಿನ್ ಮನಿಗೆ ಬಂದ್ ಕೂಕಂಡೆ!"

ಇದಕ್ಕೆ ಬಾಯಿ ತೆರೆದವಳು ಗೋದಾವರಿ.

"ಸಾಕ್ ಮಾಡಿ ಕಾಣಿ! ಮೂರ್ ವಾರದಿಂದ ಆ ಹೆಣ್ಣ್ ಬಾಯಿಗೆ ಬಟ್ಟಿ ತುರ್ಕಂಡ್ ಕೂಕಂಡದ್ದ್ ಯಾರಿಗ್ ಬೇಕಾಯಿ ಅಂದ್ಕಂಡ್ರಿ? ನನ್ ಹತ್ರ ಎಲ್ಲ ಹೇಳಿದ್ಳ್. ಇಳ್ಸಿ ಅಂದವ್ಳ್ ಅವ್ಳ್ ಅಲ್ಲ. ದೋಣಿಯವ ಬ್ಯಾಡ ಅಂದ. ಅವ್ಳಿಗೂ ಹೆದ್ರಿಕಿ ಇತ್ತ್. ಅದ್ಕೇ ನಿಮ್ಮತ್ರ ಕೇಂಡದ್ದ್. ಕೆರಿ ಅಂದವ್ರ್ ಯಾರು? ತಾಂಡೇಲ ಹೇಳಿದ್ ಅಂದೇಳಿ ಹೇಳ್ ಅಂದವ್ರ್ ಯಾರು?"

ದಿನಕರ ನಿಂತಲ್ಲೇ ಕೂತ. ಹೋಟೆಲಿನಲ್ಲಿ ಮೂರು ಸಲ ಹೇಳಿದ್ದ ಕಥೆ ಅವನಿಗೆ ಸಾಲು ಸಾಲಾಗಿ ನೆನಪಾಯಿತು. ಜನ ನಕ್ಕದ್ದು, ತಾನು ಇನ್ನೊಂದು ಚಾ ಹೇಳಿದ್ದು. ಆ ಹೊತ್ತಿಗೆ ಆ ಮಗು ನೀರಿನಡಿಯಲ್ಲಿತ್ತು.

ಸಂಜೆ ಉಮಾವತಿ ಖಾಲಿ ಮೀನಿನ ಬುಟ್ಟಿ ಹಿಡಿದು ಬರುವಾಗ ದಿನಕರ ಅವಳ ಬೇಲಿಯ ಹತ್ತಿರ ನಿಂತಿದ್ದ. ಎಲ್ಲ ಹೇಳಿದ. ಕೊನೆಗೆ, "ನಂಗೆ ಆ ಮನಿಗೆ ಹೋಯ್ಕ್ ಉಮಾವತಿ. ಹ್ಯಾಂಗ್ ಹೋಪುದು? ಪಾಸ್‌ಪೋರ್ಟೇ ಇಲ್ಲೆ ನನ್ ಹತ್ರ" ಅಂದ.

ಉಮಾವತಿ ಬುಟ್ಟಿ ಕೆಳಗಿಟ್ಟಳು. ಸಮಾಧಾನ ಹೇಳುವ ಹೆಂಗಸಲ್ಲ ಅವಳು. "ಅವತ್ತ್ ನೀವ್ ಒದ್ದೆ ಬಟ್ಟಿಯಂಗೆ ಬಂದ್ರಿ. ನಂಗೆ ಹೊಡುಕೆ ಒಬ್ರ್ ಸಿಕ್ರ್. ಇಲ್ದಿದ್ರೆ ನಾ ಆ ಸಿಟ್ಟ್ ಮಕ್ಳ್ ಮೇಲೆ ತೀರ್ಸ್ತಿದ್ದೆ, ಇಲ್ದಿದ್ರೆ ಬಾವಿಗ್ ಹಾರ್ತಿದ್ದೆ" ಅಂದಳು. "ಆ ಹೆಂಗ್ಸಿಗೆ ಯಾರೂ ಸಿಕ್ಲಿಲ್ಲೆ ಕಾಣಿ." ಆಮೇಲೆ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಹನ್ನೊಂದು ಗಂಟೆಗೆ ಭಜನಾ ಮಂದಿರದಲ್ಲಿ ಕುರ್ಚಿ ಹಾಕಿ ಆಗಿತ್ತು. ದಿನಕರ ಸನ್ಮಾನಕ್ಕೆಂದು ಇಸ್ತ್ರಿ ಮಾಡಿಸಿದ್ದ ಬಿಳಿ ಅಂಗಿ ತೊಟ್ಟು, ಬಿಳಿ ಮುಂಡು ಉಟ್ಟು ಮಗಳೊಂದಿಗೆ ಹೊರಟ. ಮಂದಿರದ ಬಾಗಿಲು ದಾಟಿ ಮುಂದೆ ಹೋಗಿ, ಅದರ ಹಿಂದಿನ ಮರಳಿಗೆ ಇಳಿದ. "ಅವ್ರಿಗೆ ಫೋನ್ ಮಾಡು" ಅಂದ. ಸಿಂಚನಾ ಹಿಂದಿನ ದಿನವೇ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಗ್ರೇಸ್ ಜೊತೆ ಮಾತಾಡಿದ್ದಳು. ಸಂಸ್ಥೆಗೆ ಹೇಳುವುದು ಬೇಡ, ತಾನೇ ಆ ಮನೆಗೆ ಫೋನು ಒಯ್ಯುತ್ತೇನೆ ಅಂದಿದ್ದಳು ಆಕೆ.

ಮಗಳು ನಂಬರು ಒತ್ತುವಷ್ಟರಲ್ಲಿ ದಿನಕರ ಕಡಲಿಗೆ ನಡೆದ. ಅಂಗಿ ಬಿಚ್ಚಲಿಲ್ಲ. ಕುತ್ತಿಗೆಯವರೆಗೆ ಹೋಗಿ ಒಮ್ಮೆ ಮುಳುಗಿ ಎದ್ದು, ತೆರೆ ದೂಡಿದ ಹಾಗೆಲ್ಲ ತಡವರಿಸುತ್ತ ಹಿಂದೆ ಬಂದ. ಮುಂಡು ಕಾಲಿಗೆ ಸುತ್ತಿಕೊಂಡಿತ್ತು. ಸಿಂಚನಾ ಫೋನು ಅವನ ಎದುರಿಗೆ ಹಿಡಿದಳು.

ಕೆಂಪು ಮಣ್ಣಿನ ಅಂಗಳ ಕಂಡಿತು. ತಗಡಿನ ಮಾಡು. ಚಾಪೆಯ ಮೇಲೆ ಒಣಗಲು ಹರಡಿದ ಸಣ್ಣ ಮೀನು. ಅಯ್ಯೋ ದೇವರೇ, ನಮ್ಮದೇ ಅಂಗಳ ಅಂದುಕೊಂಡ ದಿನಕರ. ಮೀನಿನ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಮೂವತ್ತು ದಾಟಿರಲಾರದು. ಕಾಗೆ ಓಡಿಸುವ ಕೋಲು ಕೈಯಲ್ಲೇ ಇತ್ತು. ಗ್ರೇಸ್ ಏನೋ ಹೇಳಿದಾಗ ಆಕೆ ತಲೆಯೆತ್ತಿ, ಪರದೆಯಲ್ಲಿ ತೊಟ್ಟಿಕ್ಕುತ್ತ ನಿಂತ ಮುದುಕನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಭಾಷೆಯಲ್ಲಿ ಮೆಲ್ಲಗೆ ಎರಡು ಮಾತು ಕೇಳಿದಳು. ಗ್ರೇಸ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

"ಎಂತ ಹೇಳ್ರ್?"

ಮಂದಿರದ ಮೈಕಿನಲ್ಲಿ ಅಶೋಕ್, ಸಿಂಚನಾ ಅವರು ಎಲ್ಲಿದ್ದರೂ ವೇದಿಕೆಯ ಬಳಿ ಬರಬೇಕು ಅಂತ ಕರೆಯುತ್ತಿದ್ದ.

"ಎಂತ ಹೇಳ್ರ್ ಮಗಾ?"

"ಇವ್ರ್ ಎಂತಕೆ ಹೀಂಗ್ ಒದ್ದೆ ಆಯಿದ್ರ್ ಅಂದೇಳಿ ಕೇಂತ್ರ್" ಅಂದಳು ಸಿಂಚನಾ. "ಇವ್ರ ಮಗು ಕೂಡಾ ನೀರಿಗೆ ಹೋಯ್ತಾ ಅಂದೇಳಿ ಕೇಂತ್ರ್."

ದಿನಕರನ ಮುಖದಿಂದ ಉಪ್ಪುನೀರು ಇಳಿಯುತ್ತಲೇ ಇತ್ತು. ಅವನು ಅದನ್ನು ಒರೆಸಲಿಲ್ಲ.

"ಇಲ್ಲೆ ಅಂದೇಳಿ ಹೇಳು. ನನ್ ಮಗು ಉಳ್ದಿತ್ತ್. ಓ ಇಲ್ಲೇ, ನನ್ ಹತ್ರವೇ ನಿಂತಿತ್ತ್ ಅಂದೇಳಿ ಹೇಳು. ಅವ್ರ ಮಗಿನ್ ದೋಣಿ ಇಳ್ಸಿ ಅಂದವ ನಾನು. ಅದ್ನೂ ಹೇಳು."

ಸಿಂಚನಾ ಆಗದೆಂದು ತಲೆ ಅಲ್ಲಾಡಿಸಿದಳು.

"ಹೇಳ್ ಮಗಾ. ಬಿಡ್ದೆ ಹೇಳು."

ಅವಳು ಹೇಳಿದಳು. ಗ್ರೇಸ್ ಅದನ್ನು ಆಕೆಯ ಭಾಷೆಯಲ್ಲಿ ಹೇಳಿದಳು. ಚಾಪೆಯ ಹೆಂಗಸು ಕೋಲು ಕೆಳಗಿಟ್ಟಳು. ಎದ್ದಳು. ಅವಳು ಹತ್ತಿರ ಬಂದ ಹಾಗೆ ಅಂಗಳ ಮರೆಯಾಯಿತು, ಮಾಡು ಮರೆಯಾಯಿತು, ಅವಳ ಮುಖ ತುಂಬಿಕೊಂಡಿತು. ಕೈ ಮೇಲೆದ್ದಿತು. ಅಂಗೈ ಬೀಸಿ ಬಂದು ಪರದೆಯನ್ನೆಲ್ಲ ಮುಚ್ಚಿತು. ಏನೋ ಬಿದ್ದ ಸದ್ದು ಕೇಳಿ, ಫೋನು ಕಪ್ಪಾಯಿತು.

ದಿನಕರ ಕೆನ್ನೆ ಒಡ್ಡಿಕೊಂಡು ಹಾಗೆಯೇ ನಿಂತಿದ್ದ. ಬೆನ್ನ ಹಿಂದೆ ಮೈಕು ಅವಳ ಹೆಸರು ಮತ್ತೊಮ್ಮೆ ಕರೆಯಿತು.

"ಕಟ್ ಆಯ್ತ್ ಅಪ್ಪಯ್ಯ" ಅಂದಳು ಸಿಂಚನಾ.

"ಪುನಾ ಮಾಡು" ಅಂದ ದಿನಕರ. "ಅವ್ರ್ ಹೊಡ್ದ್ ಮುಗಿಲಿಲ್ಲೆ."

ಸಿಂಚನಾ ಪುನಃ ಕರೆ ಮಾಡಿದಳು.