ನಾಯಿ ಕಚ್ಚಿದ್ದನ್ನು ಮುಚ್ಚಿಟ್ಟ ಬೇಕರಿ ಮಾಮ

ನಮ್ಮ ಬೀದಿಯ ಬೇಕರಿಯವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರ ಬಾಯಲ್ಲೂ ಅವರು 'ಅಯ್ಯೋಪಾಪ ಮಾಮ'. ಇರುವೆಯ ಸಾಲು ಕಂಡರೂ ಅಯ್ಯೋ ಪಾಪ, ಗಾಳಿಗೆ ಪಾರಿವಾಳದ ಗೂಡು ಕೆದರಿದರೂ ಅಯ್ಯೋ ಪಾಪ. ಹಿಟ್ಟಿನ ಮೂಟೆ ಕೊರೆದ ಇಲಿ ಬೋನಿಗೆ ಬಿದ್ದರೆ ಅದನ್ನು ಬೀದಿಯ ತುದಿಯವರೆಗೆ ಹೊತ್ತುಕೊಂಡು ಹೋಗಿ ಬಿಟ್ಟು ಬರುತ್ತಾರೆ. ಅವರು ವಾಪಸ್ ಬಂದು ಕೈ ತೊಳೆಯುವಷ್ಟರಲ್ಲಿ ಇಲಿಯೂ ವಾಪಸ್ ಬಂದಿರುತ್ತದೆ.

ನಾನು ಎದುರು ಅಂಗಡಿಯವಳು, ಬಟ್ಟೆಗೆ ಇಸ್ತ್ರಿ ಹಾಕುತ್ತೇನೆ. ನನ್ನ ಮೇಜಿನ ಮುಂದೆ ನಿಂತರೆ ಬೇಕರಿಯಲ್ಲಿ ಮಾಮ ಹಿಟ್ಟು ನಾದುವುದು, ಅವರ ಹೆಂಡತಿ ಬ್ರೆಡ್ಡು ಕೊಯ್ಯುವುದು ಎಲ್ಲ ಕಾಣುತ್ತದೆ. ಕಂಡದ್ದನ್ನು ಹೇಳದೆ ಇರುವ ಅಭ್ಯಾಸ ನನಗಿಲ್ಲ. ಅದಕ್ಕೆ ಕೆಲವರು ಚಾಡಿ ಅನ್ನುತ್ತಾರೆ, ಅನ್ನಲಿ.

ಬೆಳಿಗ್ಗೆ ಮೊದಲ ಟ್ರೇ ಬ್ರೆಡ್ಡು ಹೊರಗೆ ಬರುವವರೆಗೆ ಜನ ಕಾಯಬೇಕು. ಆ ಹೊತ್ತಿಗೆ ಮಾಮ ಹಿಟ್ಟು ನಾದುತ್ತಲೇ ಪ್ರಾಣಿಗಳ ಕಥೆ ಹೇಳುತ್ತಾರೆ. ಅವರ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಹುಲಿಗೂ ಹೊಟ್ಟೆ ತುಂಬುತ್ತದೆ, ಜಿಂಕೆಯೂ ಮನೆಗೆ ಹೋಗುತ್ತದೆ. "ಹಂಗಾದ್ರೆ ಹುಲಿ ಏನು ತಿಂತು ಮಾಮ?" ಎಂದು ಮಕ್ಕಳು ಕೇಳಿದರೆ, "ಬನ್ನು" ಅನ್ನುತ್ತಾರೆ. ಬೇರೆಯವರು ದುಃಖದ ಕಥೆ ಹೇಳಿದರೂ ಬಿಡುವುದಿಲ್ಲ. ನಡುವೆ ಬಾಯಿ ಹಾಕಿ ಕೊನೆಯನ್ನು ಬದಲಾಯಿಸಿಯೇ ತೀರುತ್ತಾರೆ.

ಬೇಕರಿಯ ಮೆಟ್ಟಿಲ ಕೆಳಗೆ ಒಂದು ಕಂದು ಬಣ್ಣದ ಬೀದಿನಾಯಿ ಇತ್ತು. ಮಾಮ ಅದನ್ನು 'ಕೆಂಚಿ' ಎಂದು ಕರೆಯುತ್ತಿದ್ದರು. ಬ್ರೆಡ್ಡಿನ ಅಂಚೆಲ್ಲ ಕೆಂಚಿಗೆ. ಪಾಪದ ನಾಯಿ, ಯಾರ ತಂಟೆಗೂ ಹೋಗುತ್ತಿರಲಿಲ್ಲ.

ಒಂದು ವಾರ ಕೆಂಚಿ ಮಂಕಾಯಿತು. ಅಂಚು ಎಸೆದರೆ ಮೂಸಿಯೂ ನೋಡಲಿಲ್ಲ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಮುದುಡಿ ಕುಳಿತು, ಯಾರಾದರೂ ಹತ್ತಿರ ಹೋದರೆ ಗುರ್ ಅನ್ನುತ್ತಿತ್ತು. ಆರೋಗ್ಯ ಕೇಂದ್ರದ ನರ್ಸಮ್ಮ ದಿನಾ ಕೆಲಸಕ್ಕೆ ಹೋಗುವಾಗ ಬ್ರೆಡ್ಡು ಒಯ್ಯುತ್ತಾರೆ. ಮಕ್ಕಳಿಗೆಲ್ಲ ಲಸಿಕೆ ಹಾಕುವುದು ಅವರೇ, ಆದ್ದರಿಂದ ಬೀದಿಗೆಲ್ಲ ಅವರು 'ಸೂಜಿಯಕ್ಕ'. ಅವರು ಬಗ್ಗಿ ನೋಡಿ ಹೇಳಿದರು:

"ಮಾಮ, ಈ ನಾಯಿ ಸರಿ ಇಲ್ಲ. ಕೈ ಹಾಕ್ಬೇಡಿ. ಪಶು ಆಸ್ಪತ್ರೆಗೆ ಒಂದು ಫೋನ್ ಮಾಡಿ, ಅವರೇ ಬಂದು ನೋಡ್ತಾರೆ."

"ಆಯ್ತಕ್ಕ, ಆಯ್ತಕ್ಕ" ಎಂದು ಮಾಮ ಎರಡು ಸಲ ತಲೆಯಾಡಿಸಿದರು. ಮಾಮ ಎರಡು ಸಲ ತಲೆಯಾಡಿಸಿದರೆ ಆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಇದು ನನಗೆ ಗೊತ್ತಿತ್ತು. ಆದರೂ ಆ ದಿನ ಸುಮ್ಮನಿದ್ದೆ, ಅದು ನನ್ನ ತಪ್ಪು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಮಾಮ ಎಡಗೈಯಲ್ಲಿ ಹಿಟ್ಟು ನಾದುತ್ತಿದ್ದಾರೆ. ಬಲಗೈಗೆ ರಬ್ಬರ್ ಗ್ಲೌಸು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಗ್ಲೌಸು ಹಾಕದ ಮನುಷ್ಯ! ಕೆಂಡದ ಇಸ್ತ್ರಿಪೆಟ್ಟಿಗೆ ಅಲ್ಲೇ ಬಿಟ್ಟು ರಸ್ತೆ ದಾಟಿದೆ.

"ಏನಣ್ಣ ಕೈಗೆ?"

"ಏನಿಲ್ಲ ತಂಗ್ಯಮ್ಮ. ಟ್ರೇ ತಗುಲಿ ಸುಟ್ಟುಹೋಯ್ತು."

ಸುಟ್ಟ ಗಾಯದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಎರಡೂ ಕೈ ನೋಡಿದರೆ ಸಾಕು. ಸುಟ್ಟವರು ಕೈಯನ್ನು ಗಾಳಿಗೆ ಹಿಡಿಯುತ್ತಾರೆ, ಉಫ್ ಎಂದು ಊದಿಕೊಳ್ಳುತ್ತಾರೆ. ಬೆವರುವ ರಬ್ಬರಿನೊಳಗೆ ತುರುಕಿ ಬಿಗಿಯುವುದಿಲ್ಲ. ಪಕ್ಕದಲ್ಲಿದ್ದ ಅವರ ಹೆಂಡತಿಯ ಮುಖ ನೋಡಿದೆ. ಅತ್ತಿಗೆ ಬ್ರೆಡ್ಡು ಕೊಯ್ಯುವ ಚಾಕುವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಸೂಜಿಯಕ್ಕ ಬಂದರು. ನಾನು ಅವರ ಕಿವಿಯಲ್ಲಿ ಹೇಳಿದೆ: "ಅಕ್ಕ, ಅದು ಸುಟ್ಟಿದ್ದಲ್ಲ."

ಸೂಜಿಯಕ್ಕ ಕೂಗಾಡಲಿಲ್ಲ. ಬ್ರೆಡ್ಡಿಗೆ ಕಾದಿದ್ದವರ ನಡುವೆ ಬೆಂಚಿನ ಮೇಲೆ ಕುಳಿತು, "ಮಾಮ, ಇವತ್ತು ಕಥೆ ನಾನು ಹೇಳ್ತೀನಿ" ಎಂದರು.

"ಒಂದು ಮೊಲ. ಅದರ ಮನೆ ತುಂಬ ಒಣಹುಲ್ಲಿನ ಹಾಸಿಗೆ. ಒಂದಿನ ನರಿಮರಿ ಓಡ್ಕೊಂಡು ಬಂತು. ಎಲ್ಲೋ ಬೆಂಕಿ ಹತ್ರ ಹೋಗಿ ಬಾಲದ ತುದಿಗೆ ಕಿಡಿ ಅಂಟಿಸ್ಕೊಂಡಿದೆ. ಮೊಲ 'ಅಯ್ಯೋ ಪಾಪ' ಅಂತು."

ಎಲ್ಲರೂ ನಕ್ಕರು. ಮಾಮನೂ ನಕ್ಕರು.

"ದಾರೀಲಿ ಹೋಗ್ತಿದ್ದ ಆಮೆ ಹೇಳ್ತು, 'ಮೊಲವೇ, ಹೊಳೆ ಹತ್ರ ಆನೆ ಇದೆ. ಕರಿ, ಒಂದು ಸೊಂಡಿಲು ನೀರು ಹಾಕುತ್ತೆ.' ಮೊಲ ಏನಂತು ಗೊತ್ತಾ? 'ಸುಮ್ನಿರು ಆಮೆಯಣ್ಣ! ಬಾಲದಲ್ಲಿ ಕಿಡಿ ಇದೆ ಅಂತ ಗೊತ್ತಾದ್ರೆ ಎಲ್ಲಾ ಸೇರಿ ಮರೀನ ತುಳಿದು ಹಾಕ್ತಾರೆ. ಕಿಡಿ ಇಷ್ಟೇ ಇಷ್ಟು, ತಾನೇ ಆರಿಹೋಗುತ್ತೆ.' ಹಂಗಂತ ನರಿಮರೀನ ಒಳಗೆ ಕರ್ಕೊಂಡು, ಯಾರಿಗೂ ಕಾಣದ ಹಾಗೆ ಬಾಲದ ಮೇಲೆ ಒಣಹುಲ್ಲು ಮುಚ್ತು."

"ಹುಲ್ಲಾ?" ಎಂದರು ಮಾಮ. ನಾದುತ್ತಿದ್ದ ಕೈ ನಿಂತಿತು.

"ಹ್ಞೂ, ಹುಲ್ಲೇ. ಈಗ ಹೊಗೆ ಬರ್ತಾ ಇದೆ. ಅಷ್ಟೇ ಕಥೆ." ಸೂಜಿಯಕ್ಕ ಚೀಲ ಹೆಗಲಿಗೆ ಹಾಕಿ ಎದ್ದರು.

"ಅಷ್ಟೇ ಅಂದ್ರೆ? ಹಂಗೆಲ್ಲ ಬಿಟ್ಟು ಹೋಗ್ಬಾರ್ದು ಅಕ್ಕ!" ಮಾಮನಿಗೆ ತಡೆಯಲಾಗಲಿಲ್ಲ. "ಇನ್ನೂ ಹೊಗೆ ತಾನೇ ಬಂದಿರೋದು? ಮೊಲ ಈಗ್ಲಾದ್ರೂ ಓಡಿಹೋಗಿ ಆನೇನ ಕರೀಬೇಕು. ಆನೆ ಬಂದು ನೀರು ಹೊಯ್ಯುತ್ತೆ. ಆನೆ ಯಾಕೆ ತುಳಿಯುತ್ತೆ? ಸುಮ್ನೆ ಹೆದರಿಕೆ ಅದು."

ಸೂಜಿಯಕ್ಕ ಕೈ ಚಾಚಿದರು. "ಸರಿ. ಆನೆ ಬಂದಿದೆ ಮಾಮ. ಗ್ಲೌಸು ತೆಗೀರಿ."

ಮಾಮ ನಿಧಾನವಾಗಿ ಗ್ಲೌಸು ಎಳೆದರು. ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹಲ್ಲಿನ ಗುರುತು. ರಕ್ತ ನಿಲ್ಲಲಿ ಎಂದು ಮೈದಾ ಹಿಟ್ಟು ಮೆತ್ತಿದ್ದರು, ಅದು ಒಣಗಿ ಗಾಯಕ್ಕೆ ಅಂಟಿಕೊಂಡಿತ್ತು.

"ನಿನ್ನೆ ಸಾಯಂಕಾಲ" ಎಂದರು ಮಾಮ. "ಅನ್ನ ನೀರು ಬಿಟ್ಟಿದ್ದಾಳೆ, ಪಾಪ, ಹೊರಗೆ ತೆಗೆಯೋಣ ಅಂತ ಕೈ ಹಾಕ್ದೆ. ಗಬಕ್ಕನೆ ಹಿಡಿದ್ಬಿಟ್ಳು. ಅವಳ ತಪ್ಪಲ್ಲ ಅಕ್ಕ. ಹೇಳಿದ್ರೆ ಕೋಲು ತಗೊಂಡು ಬರ್ತಾರೆ. ಹೋದ ವರ್ಷ ಹಿಂದಿನ ಬೀದೀಲಿ ಹಂಗೇ ಹೊಡೆದು ಕೊಂದ್ರು. ನಾನು ಕಣ್ಣಾರೆ ನೋಡಿದ್ದೀನಿ."

ಸತ್ಯ ಹೇಳಬೇಕೆಂದರೆ, ಆ ಹೊತ್ತಿಗೆ ನಾನು ಕೋಲಿಗಾಗಿ ಅತ್ತಿತ್ತ ನೋಡುತ್ತಲೇ ಇದ್ದೆ.

"ಯಾರೂ ಹೊಡೀಬಾರ್ದು" ಎಂದರು ಸೂಜಿಯಕ್ಕ, ನನ್ನನ್ನೇ ನೋಡುತ್ತ. "ಹೊಡೆಯೋಕೆ ಹೋದವರಿಗೂ ಕಚ್ಚುತ್ತೆ. ಹತ್ತಿರ ಹೋಗ್ಬೇಡಿ. ಪಶು ಆಸ್ಪತ್ರೆಯವರು ಬಲೆ ತರ್ತಾರೆ, ಕರ್ಕೊಂಡು ಹೋಗಿ ಬೇರೆ ಇಟ್ಟು ಹತ್ತು ದಿನ ನೋಡ್ತಾರೆ. ನಾನೇ ಫೋನ್ ಮಾಡ್ತೀನಿ. ನೀವು ಮೊದಲು ನಲ್ಲಿ ಹತ್ರ ಬನ್ನಿ."

ಹಿತ್ತಲ ನಲ್ಲಿಯ ಕೆಳಗೆ ಮಾಮನ ಕೈ ಹಿಡಿಸಿ ಸೋಪು ಹಾಕಿ ತೊಳೆಸಿದರು. ಐದು ನಿಮಿಷಕ್ಕೆ ಮಾಮ ಕೈ ಹಿಂದಕ್ಕೆ ಎಳೆದುಕೊಂಡರು.

"ಸಾಕಲ್ವಾ?"

"ಹದಿನೈದು ನಿಮಿಷ. ಗಡಿಯಾರ ನೋಡಿ ಹದಿನೈದು. ರೋಗ ಇರೋದು ನಾಯಿ ಜೊಲ್ಲಿನಲ್ಲಿ, ಅದು ತೊಳೆದು ಹೋಗ್ಬೇಕು. ನಿನ್ನೆ ಕಚ್ಚಿದ ತಕ್ಷಣ ಮಾಡ್ಬೇಕಿತ್ತು. ತಡ ಆಯ್ತು ಅಂತ ಬಿಡೋ ಹಾಗಿಲ್ಲ, ಇವತ್ತಾದ್ರೂ ಮಾಡ್ಬೇಕು. ಮೈದಾ, ಕಾಫಿಪುಡಿ, ಖಾರದಪುಡಿ, ಸುಣ್ಣ ಏನೂ ಹಚ್ಚಬಾರ್ದು. ಬಿಗಿಯಾಗಿ ಕಟ್ಟಲೂಬಾರ್ದು. ತೊಳೆದು ಸೀದಾ ಆಸ್ಪತ್ರೆಗೆ."

ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತಿದ್ದರು. "ಅಕ್ಕ, ಇಷ್ಟು ಸಣ್ಣ ಗಾಯಕ್ಕೆ ಆಸ್ಪತ್ರೆ ಯಾಕೆ? ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ತಾರಂತೆ. ಅದರ ಬದಲು ಎರಡು ದಿನ ನೋಡೋಣ. ಜ್ವರ ಗಿರ ಬಂದ್ರೆ ಹೋದ್ರಾಯ್ತು."

ಹೊಕ್ಕಳ ಸೂಜಿಯ ಮಾತನ್ನು ನಾನೂ ನಂಬಿದ್ದೆ. ಊರಿಗೆಲ್ಲ ಹೇಳಿಯೂ ಇದ್ದೆ.

"ಅದು ಅಜ್ಜಿ ಕಾಲದ್ದು" ಎಂದರು ಸೂಜಿಯಕ್ಕ. "ಈಗ ಲಸಿಕೆ ತೋಳಿಗೆ, ಕೆಲವೇ ಸಲ. ಗಾಯದ ಸುತ್ತ ಇನ್ನೊಂದು ಔಷಧಿ ಹಾಕ್ತಾರೆ. ಜ್ವರ ಬರ್ಲಿ ನೋಡೋಣ ಅಂತೀರಲ್ಲ, ಕೇಳಿ ಇಲ್ಲಿ. ಇದಕ್ಕೆ ರೇಬೀಸ್ ಅಂತಾರೆ, ಹುಚ್ಚುನಾಯಿ ರೋಗ. ರೋಗ ಕಾಣಿಸಿಕೊಂಡ ಮೇಲೆ ಯಾವ ದೊಡ್ಡ ಆಸ್ಪತ್ರೆಗೆ ಹೋದ್ರೂ ಉಳಿಸೋಕೆ ಆಗಲ್ಲ. ಕಾಣಿಸಿಕೊಳ್ಳೋ ಮೊದಲು ಲಸಿಕೆ ಹಾಕಿಸ್ಕೊಂಡ್ರೆ ತಡೀಬಹುದು. ಆರಾಮಾಗಿ ಬದುಕ್ತೀರಿ."

ಮಾಮ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದರು. "ಮಧ್ಯಾಹ್ನದ ಟ್ರೇ ಇಳಿಸಿ ಹೋಗ್ತೀನಿ. ನಾಳೆ ಆದ್ರೂ ನಡೆಯುತ್ತೆ…"

ಸೂಜಿಯಕ್ಕ ಅತ್ತಿಗೆಯ ಕಡೆ ತಿರುಗಿದರು. "ಮನೇಲಿ ಬೇರೆ ಯಾರಿಗಾದ್ರೂ ಕಚ್ಚಿದೆಯಾ? ಪರಚಿದೆಯಾ? ಗಾಯ ಇರೋ ಕಡೆ ನೆಕ್ಕಿದೆಯಾ?" ಎಂದು ಕೇಳಿದರು.

"ಇಲ್ಲ, ಇಲ್ಲ" ಎಂದರು ಗಂಡ ಹೆಂಡತಿ ಇಬ್ಬರೂ.

ಬಾಗಿಲಲ್ಲಿ ಅವರ ಎಂಟು ವರ್ಷದ ಮಗಳು ಯೂನಿಫಾರಂ ಹಾಕಿ ನಿಂತಿದ್ದಳು. ಮೆಲ್ಲಗೆ ಲಂಗ ಮೇಲೆತ್ತಿ ಮಂಡಿ ತೋರಿಸಿದಳು. ಸ್ಕೂಲಿನಲ್ಲಿ ಬಿದ್ದು ತರಚಿದ ಗಾಯ, ಇನ್ನೂ ಹಸಿಯಾಗಿತ್ತು.

"ಕೆಂಚಿ ನೆಕ್ಕಿದ್ಳು. ಮೊನ್ನೆ. ನಂಗೆ ಗುರ್ ಅನ್ನಲ್ಲ ಅವಳು."

"ಅಯ್ಯೋ! ಯಾಕೆ ಹೇಳ್ಲಿಲ್ಲ ಮಗಳೇ?" ಅತ್ತಿಗೆ ಚೀರಿದರು.

"ಹೇಳೋಣ ಅಂತಿದ್ದೆ. ನಿನ್ನೆ ನೀವೇ ಅಪ್ಪಂದು ಯಾರಿಗೂ ಹೇಳ್ಬಾರ್ದು ಅಂದ್ರಲ್ಲ. ಅದಕ್ಕೆ ನಂದೂ ಹೇಳ್ಲಿಲ್ಲ."

ಮಾಮನ ಮುಖ ನೋಡಲಾಗಲಿಲ್ಲ. ಮಗಳ ಮಂಡಿಯನ್ನು ಅವರೇ ನಲ್ಲಿಯ ಕೆಳಗೆ ಹಿಡಿದು ತೊಳೆದರು, ಗಡಿಯಾರ ನೋಡಿ ಪೂರ್ತಿ ಹದಿನೈದು ನಿಮಿಷ. ಆಮೇಲೆ ಏಪ್ರನ್ನು ಬಿಚ್ಚಿ ಗೂಟಕ್ಕೆ ಎಸೆದು ಮಗಳನ್ನು ಎತ್ತಿಕೊಂಡು ಹೊರಟರು, ಅತ್ತಿಗೆಯೂ ಹಿಂದೆಯೇ. ಒಲೆಯಲ್ಲಿ ಎರಡು ಟ್ರೇ ಬ್ರೆಡ್ಡು ಇದ್ದವು. ನಾನೇ ಇಳಿಸಿದೆ. ಸ್ವಲ್ಪ ಸೀದಿದ್ದವು, ಯಾರೂ ಬೇಡ ಅನ್ನಲಿಲ್ಲ.

ಅವತ್ತೇ ಅಪ್ಪ ಮಗಳು ಇಬ್ಬರಿಗೂ ಲಸಿಕೆ, ಔಷಧಿ ಎರಡೂ ಆಯಿತು. ಮುಂದಿನ ತಾರೀಖುಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರು. ಮಾಮ ಆ ಚೀಟಿಯನ್ನು ಹಿಟ್ಟಿನ ಡಬ್ಬಿಯ ಮೇಲೆ ಅಂಟಿಸಿದರು. ಪಶು ಆಸ್ಪತ್ರೆಯವರು ಬಂದು ಬಲೆ ಹಾಕಿ ಕೆಂಚಿಯನ್ನು ಒಯ್ದರು. ಒಂದು ಏಟೂ ಬೀಳಲಿಲ್ಲ.

ಐದನೆಯ ದಿನ ಕೆಂಚಿ ಸತ್ತಿತು. ಪರೀಕ್ಷೆ ಮಾಡಿ ರೇಬೀಸ್ ಎಂದೇ ಹೇಳಿದರು.

ಸುದ್ದಿ ತಂದ ಸೂಜಿಯಕ್ಕನ ಮುಂದೆ ಮಾಮ ಮಕ್ಕಳ ಹಾಗೆ ಅತ್ತರು. "ಮೊಲ ಉಳೀತು, ಕಥೇಲಿ ಥರ ಮರೀನೂ ಉಳೀಬೇಕಿತ್ತು ಅಕ್ಕ" ಎಂದರು.

"ಉಳೀತಿದ್ಳು ಮಾಮ. ಬೇಸಗೇಲಿ ಪಶು ಆಸ್ಪತ್ರೆಯವರು ಈ ಬೀದಿ ನಾಯಿಗಳಿಗೆಲ್ಲ ಪುಕ್ಕಟೆ ಲಸಿಕೆ ಹಾಕೋಕೆ ಬಂದಿದ್ರಲ್ಲ. ಅವಳಿಗೆ ಹಾಕಿಸಿದ್ರೆ ಈ ರೋಗ ಬರ್ತಿರ್ಲಿಲ್ಲ. ಅವತ್ತು ಎಲ್ಲಿ ಹೋಗಿದ್ಳೋ, ಅವರ ಕೈಗೆ ಸಿಗಲೇ ಇಲ್ಲ."

ಮಾಮ ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು: "ಎಲ್ಲೂ ಹೋಗಿರ್ಲಿಲ್ಲ. ಸೂಜಿ ಚುಚ್ಚಿದ್ರೆ ನೋವಾಗುತ್ತೆ, ಪಾಪ ಅಂತ ನಾನೇ ಸೌದೆ ಕೋಣೇಲಿ ಕೂಡಿ ಹಾಕಿ ಬಾಗಿಲು ಹಾಕಿದ್ದೆ."

ಸೂಜಿಯಕ್ಕ ಬೈಯಲಿಲ್ಲ. ನಾನೂ ಬೈಯಲಿಲ್ಲ, ಬಾಯಿಗೆ ಬಂದಿತ್ತು. ದಿನಾ ಬ್ರೆಡ್ಡು ಹಾಕಿ ಸಾಕಿದವರೇ ಒಂದು ಸೂಜಿಯ ನೋವಿಗೆ ಮರುಗಿ ಅದರ ಜೀವ ಕಳೆದರು. ಮಗಳ ಜೀವವನ್ನೂ ಕಳೆಯುವುದರಲ್ಲಿದ್ದರು. ಇದಕ್ಕೆ ದಯೆ ಎಂದು ನಾನು ಕರೆಯುವುದಿಲ್ಲ.

ಅಪ್ಪ ಮಗಳು ಒಂದು ತಾರೀಖನ್ನೂ ತಪ್ಪಿಸದೆ ಎಲ್ಲ ಲಸಿಕೆ ಮುಗಿಸಿದರು. ಇವತ್ತು ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಮುಂದಿನ ಸಲ ಲಸಿಕೆಯವರ ಗಾಡಿ ಬಂದಾಗ ಎಲ್ಲರಿಗಿಂತ ಮುಂದೆ ನಿಂತು, ಯಾವ ನಾಯಿ ಯಾವ ಮೂಲೆಯಲ್ಲಿ ಮಲಗುತ್ತದೆ ಎಂದು ತೋರಿಸಿದವರು ಬೇಕರಿ ಮಾಮ. ಹನ್ನೊಂದು ನಾಯಿಗಳಿಗೆ ಲಸಿಕೆ ಆಯಿತು. ಹನ್ನೊಂದೂ ಕುಂಯ್ ಅಂದವು, ಮಾಮ ಮುಖ ಆ ಕಡೆ ತಿರುಗಿಸಿಕೊಂಡರು. ಆದರೆ ಜಾಗ ಬಿಟ್ಟು ಕದಲಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಯಿ, ಬೆಕ್ಕು, ಕೋತಿ ಯಾವುದೇ ಆಗಲಿ, ಕಚ್ಚಿದರೆ, ಪರಚಿದರೆ, ಗಾಯವಿದ್ದ ಕಡೆ ನೆಕ್ಕಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಕೊಟ್ಟ ತಾರೀಖುಗಳಲ್ಲಿ ಒಂದನ್ನೂ ಬಿಡಬೇಡಿ. ಸಾಕಿದ ನಾಯಿಗೂ ಬೀದಿನಾಯಿಗೂ ಲಸಿಕೆ ಹಾಕಿಸಿ, ಹೊಡೆಯಬೇಡಿ, ಬಚ್ಚಿಡಬೇಡಿ.

ಇನ್ನೊಂದು ಮಾತು. ದೊಡ್ಡವರು ಹೆದರಿ ಮುಚ್ಚಿಟ್ಟರೆ ಮಕ್ಕಳೂ ಮುಚ್ಚಿಡುವುದನ್ನು ಕಲಿಯುತ್ತವೆ. ಇವತ್ತೇ ನಿಮ್ಮ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೇಳಿ: ಯಾವುದಾದರೂ ಪ್ರಾಣಿ ಕಚ್ಚಿತಾ, ಪರಚಿತಾ, ನೆಕ್ಕಿತಾ? ಬೈಯದೆ ಕೇಳಿ. ಬೈಯುವುದಿಲ್ಲ ಎಂದು ಗೊತ್ತಾದರೆ ಮಾತ್ರ ಅವು ಹೇಳುತ್ತವೆ.