ಹಿಂಡಿನಲ್ಲಿ ಇಲ್ಲದ ಅಕ್ಷರ

ಸೋಲಾಪುರದ ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಅಭ್ಯಾಸಿಕೆ ಇದೆ. ಸರಕಾರಿ ನೌಕರಿಯ ಪರೀಕ್ಷೆಗೆ ಕೂಡುವ ಹುಡುಗರು ದಿನವಿಡೀ ಓದುವ ಜಾಗ. ಎಂಬತ್ತು ಕುರ್ಚಿ, ಎಂಬತ್ತು ಪ್ಲೈವುಡ್ ಗೂಡು, ಮಾತು ಮಾತ್ರ ಒಂದೂ ಇಲ್ಲ. ಕೆಮ್ಮಿದರೂ ಪಕ್ಕದವನು ಕತ್ತು ಹೊರಳಿಸಿ ನೋಡುತ್ತಾನೆ. ಅಕ್ಕಲಕೋಟೆ ಕಡೆಯ ಹನ್ನೂರಿನ ಅಂಬಾದಾಸ ಮೂರು ವರ್ಷದಿಂದ ಅಲ್ಲಿ ಮೂವತ್ತೇಳನೆಯ ಗೂಡಿನಲ್ಲಿ ಕೂತಿದ್ದ. ಅವನ ಹೆಸರು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವನಿಗಾದರೂ ಯಾರದು ಗೊತ್ತಿತ್ತು ಬಿಡಿ.

ಊರಲ್ಲಿ ಕನ್ನಡ ಸಾಲಿ, ಅಕ್ಕಲಕೋಟೆಯಲ್ಲಿ ಮರಾಠಿ ಕಾಲೇಜು, ಈಗ ಇಂಗ್ಲಿಷ್ ಪರೀಕ್ಷೆ. ಅದರಲ್ಲೂ ಒಂದು ಬಗೆಯ ಪ್ರಶ್ನೆ ಅವನ ಬೆನ್ನು ಬಿದ್ದಿತ್ತು. ಮೇಲೆ ಒಂದು ಉದ್ದನೆಯ ಇಂಗ್ಲಿಷ್ ಪದ, ಕೆಳಗೆ ನಾಲ್ಕು ಸಣ್ಣ ಪದ. ಮೇಲಿನ ಅಕ್ಷರಗಳಿಂದ ಕಟ್ಟಲಾಗದ ಪದ ಯಾವುದು ಹೇಳಿ. ಈ ಚಟ ಎಷ್ಟು ಹತ್ತಿತ್ತೆಂದರೆ, ಊಟಕ್ಕೆ ಹೋಗುವ ದಾರಿಯಲ್ಲಿ ಚಾದರದ ಅಂಗಡಿಯ ಬೋರ್ಡು ಕಂಡರೂ ಅದರ ಅಕ್ಷರ ಕಿತ್ತು ಬೇರೆ ಪದ ಕಟ್ಟುತ್ತಿದ್ದ. ಸೋಲಾಪುರ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದರೆ ಬರುವ ಏಳೇ ಅಕ್ಷರದಿಂದ ಒಮ್ಮೆ ನಲವತ್ತೊಂದು ಪದ ತೆಗೆದಿದ್ದ. ಆ ಸಂಜೆ ಯಾರಿಗಾದರೂ ಹೇಳಬೇಕೆಂದು ಅವನ ಜೀವ ಚಡಪಡಿಸಿತು. ಹೇಳಲು ಯಾರೂ ಇರಲಿಲ್ಲ.

ರೇಲ್ವೆ ಕ್ಲಾರ್ಕ್ ಪರೀಕ್ಷೆಯ ಫಲಿತಾಂಶ ಬಂದು ಎರಡು ತಿಂಗಳಾಗಿತ್ತು. ಒಂದೇ ಒಂದು ಅಂಕಕ್ಕೆ ಹೋಗಿತ್ತು. ವಯಸ್ಸಿನ ಮಿತಿ ಮುಗಿದಿದ್ದರಿಂದ ಮುಂದಿನ ಸಲ ಎಂಬುದೂ ಇರಲಿಲ್ಲ. ಮನೆಗೆ ಮಾತ್ರ, "ಇನ್ನಾ ರಿಸಲ್ಟ್ ಬಂದಿಲ್ಲ" ಎಂದೇ ಹೇಳುತ್ತಿದ್ದ. ಸುಳ್ಳು ಹೇಳಿದ ಮೇಲೆ ಊರಿಗೆ ಹೋಗಲು ಮುಖವಿರಲಿಲ್ಲ. ಅದಕ್ಕೇ ಏನೂ ಆಗಿಲ್ಲವೆಂಬಂತೆ ಅದೇ ಗೂಡಿಗೆ ಬಂದು ಕೂಡುತ್ತಿದ್ದ.

ಒಂದು ಮಂಗಳವಾರ ಹನ್ನೊಂದರ ಹೊತ್ತಿಗೆ ಬಾಗಿಲಲ್ಲಿ ದೊಡ್ಡ ದನಿ ಕೇಳಿತು.

"ಅಂಬಾದಾಸಾ! ಎಲ್ಲಿದ್ದೀ ತಮ್ಮಾ?"

ಅಪ್ಪ ಕಾಮಣ್ಣ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ರೊಟ್ಟಿಯ ಗಂಟು. ಗುಡಿಗೆ ಬಂದವನಂತೆ ಚಪ್ಪಲಿ ಹೊರಗೆ ಬಿಟ್ಟಿದ್ದ. ಗುಡ್ಡದ ಮೇಲೆ ಕುರಿ ಕರೆದ ಗಂಟಲಿಗೆ ಮೆಲ್ಲಗೆ ಮಾತಾಡುವುದು ಬರಬೇಕಲ್ಲ? ಎಂಬತ್ತು ತಲೆ ಒಟ್ಟಿಗೆ ಹೊರಳಿದವು. ಅಂಬಾದಾಸ ಕೈಯಲ್ಲಿದ್ದ ಪತ್ರಿಕೆಯೊಂದಿಗೇ ದಡಬಡಿಸಿ ಎದ್ದ. ಅಪ್ಪನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡೇ ಬಂದ. ಎಳೆದದ್ದಕ್ಕೆ ಆಮೇಲೆ ಅವನಿಗೇ ಹೇಸಿಕೆಯಾಯಿತು.

ಚಹದ ಅಂಗಡಿಯ ಬಾಕಿನ ಮೇಲೆ ಇಬ್ಬರೂ ಕೂತರು.

"ಕುರಿ ಯಾರ ಕೈಯಾಗ ಬಿಟ್ಟು ಬಂದಿ?"

"ನಿಮ್ಮವ್ವ ಹೊಡಕೊಂಡು ಹೋಗ್ಯಾಳ. ಎಂಟು ತಿಂಗಳಾತು, ನಿನ್ನ ಮಾರಿ ನೋಡಿಲ್ಲ. ಅದ್ಕ ಬಂದೆ." ಕಾಮಣ್ಣ ಬಸಿಗೆ ಚಹ ಸುರಿದುಕೊಂಡ. "ಏನ ಓದಾಕತ್ತೀ? ತೋರ್ಸು."

ತೋರಿಸಲು ಕೈಯಲ್ಲಿದ್ದುದು ಅದೇ ಪರೀಕ್ಷೆಯ ಪ್ರಶ್ನೆಪತ್ರಿಕೆ. ಅಂಬಾದಾಸ ತನ್ನನ್ನು ಮುಳುಗಿಸಿದ ಪ್ರಶ್ನೆಯ ಮೇಲೆ ಬೆರಳಿಟ್ಟ. "ಈ ಉದ್ದಂದು ಹಿಂಡು ಅಂತ ತಿಳಿ, ಯಪ್ಪಾ. ಇದರಾಗಿನ ಕುರಿ ಬಿಟ್ಟು ಬ್ಯಾರೆ ಕುರಿ ಈ ನಾಕರಾಗ ಯಾವದರಾಗ ಹೊಕ್ಕದ, ಅದನ್ನ ಹಿಡೀಬೇಕು."

ಕಾಮಣ್ಣನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಕುರಿಗಳನ್ನೂ ಅವನು ಎಂದೂ ಎಣಿಸಿದವನಲ್ಲ. ಕುಲದೇವರು ಬೀರೋಬಾ ಕೊಟ್ಟದ್ದನ್ನು ಎಣಿಸಬಾರದು ಎಂಬುದು ಅವರ ಮನೆಯ ನೇಮ. ಸಂಜೆ ಕುರಿಗಳನ್ನು ಕೂಡುವ ದಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಾನೆ. ಯಾವುದು ಬಂದಿಲ್ಲ ಎಂಬುದು ಅವನಿಗೆ ಹಾಗೆಯೇ ಗೊತ್ತಾಗುತ್ತದೆ. ಈಗಲೂ ಹಾಗೆಯೇ ಮಾಡಿದ. ಒರಟು ಬೆರಳು ಮೇಲಿನ ಸಾಲಿಗೆ ಹೋಯಿತು, ಕೆಳಗಿಳಿಯಿತು, ಮತ್ತೆ ಮೇಲಕ್ಕೆ ಹೋಯಿತು. ಚಹ ಆರಿತು.

"ಇದು," ಎಂದ ಕೊನೆಗೆ. "ಇದರಾಗ ಹಾವಿನಂಗ ಸುತ್ತಿದ್ದು ಎರಡು ಅವ. ನಿನ್ನ ಹಿಂಡಿನ್ಯಾಗ ಅಂಥಾದ್ದು ಒಂದ ಅದ. ಇನ್ನೊಂದು ಎಲ್ಲಿಂದ ಬಂತು?"

ಅದೇ ಸರಿಯುತ್ತರ. ಪರೀಕ್ಷೆಯಲ್ಲಿ ಅಂಬಾದಾಸ ಅರ್ಥ ಗೊತ್ತಿಲ್ಲದ ಬೇರೊಂದು ಪದಕ್ಕೆ ಗುರುತು ಹಾಕಿ ಬಂದಿದ್ದ. ಈಗಲೇ ನಿಜ ಹೇಳಿಬಿಡಬೇಕು ಎಂದುಕೊಂಡ.

"ಖರೇ ಏನು?" ಎಂದ ಕಾಮಣ್ಣ, ಸಣ್ಣ ಹುಡುಗನಂತೆ ಹಿಗ್ಗಿ.

"ಖರೇ, ಯಪ್ಪಾ."

ಕಾಮಣ್ಣ ಪತ್ರಿಕೆಯನ್ನು ನಾಜೂಕಾಗಿ ಮಡಚಿಕೊಟ್ಟ. ಫಲಿತಾಂಶದ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಗಂಟೆಯ ಅಕ್ಕಲಕೋಟೆ ಬಸ್ಸು ಹತ್ತಿ, ಕಿಟಕಿಯಿಂದ ಮಗನ ಮುಖವನ್ನೇ ನೋಡುತ್ತ ಹೋದ.

ಆ ಮಧ್ಯಾಹ್ನ ಗೂಡಿನಲ್ಲಿ ಅಂಬಾದಾಸನಿಗೆ ಒಂದಕ್ಷರವೂ ಕಾಣಲಿಲ್ಲ. ಸುತ್ತ ಎಪ್ಪತ್ತೊಂಬತ್ತು ಜನರಿದ್ದರು, ಅತ್ತರೆ ಕೇಳುವವರು ಯಾರೂ ಇರಲಿಲ್ಲ. ಸಂಜೆ ಆರಕ್ಕೆ ಹೊರಗೆ ಬಂದು ಅವ್ವ ಚಂದ್ರಭಾಗಾಳಿಗೆ ಫೋನ್ ಹಚ್ಚಿದ. ಅವಳು ಹಲೋ ಅನ್ನುವ ಮೊದಲೇ ಹೇಳಿಬಿಟ್ಟ.

"ಯವ್ವಾ, ರಿಸಲ್ಟ್ ಬಂದು ಎರಡು ತಿಂಗಳಾತು. ನಾ ಫೇಲ್ ಆಗೀನಿ. ಅಪ್ಪಗ ಹೇಳಾಕ ಧೈರ್ಯಾ ಆಗಲಿಲ್ಲ."

ಆಚೆ ಕಡೆ ಕುರಿಗಳ ಕೂಗು ಕೇಳಿಸುತ್ತಿತ್ತು.

"ನಿಮ್ಮಪ್ಪಗ ಗೊತ್ತಾಗ್ಯದಪ್ಪಾ. ಬಂದವನ ಅಂದ, ಬ್ಯಾನಿ ಬಿದ್ದ ಕುರಿ ಹಿಂಡು ಬಿಟ್ಟು ಒಂದ ನಿಂತಂಗ ನಿಂತಾನ ಹುಡುಗ, ಅಂತ."

"ಈಗ ಎಲ್ಲಿದ್ದಾನ?"

"ದಡ್ಡಿ ಬಾಗಲಾಗ ನಿಂತಾನ. ಕುರಿ ಎಲ್ಲಾ ಒಳಗ ಬಂದಾವ. ಬಾಗಲಾ ಹಾಕು ಅಂದ್ರ, ಇಲ್ಲ, ಒಂದು ಕಡಿಮಿ ಅದ ಅಂತಾನ. ಇವತ್ತಿಂದಲ್ಲ, ಎಂಟು ತಿಂಗಳಿಂದ ದಿನಾ ಹಿಂಗ."

ಅಂಬಾದಾಸ ಗೋಡೆಗೆ ಒರಗಿದ. ಕಣ್ಣು ತುಂಬಿ ಬೀದಿಯ ಬೋರ್ಡುಗಳೆಲ್ಲ ಮಸುಕಾದವು. ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅಕ್ಕಲಕೋಟ, ಅಕ್ಕಲಕೋಟ ಎಂದು ಕೂಗುತ್ತಿದ್ದ.

"ಯವ್ವಾ," ಎಂದ, "ಬಾಗಲಾ ಹಾಕಬ್ಯಾಡ ಅನ್ನು."